ಮಣ್ಣಿಗೆ ಹಾಕಿದ ಇಂಗಾಲ ಎಷ್ಟು ದಿನ ನಿಲ್ಲುತ್ತದೆ? ಹುಲ್ಲು, ಗೊಬ್ಬರ, ಬೇರು, ಬಯೋಚಾರ್, ಉಳುಮೆ: ಯಾವುದನ್ನು ಆರಿಸಬೇಕು

ಹೊಲಕ್ಕೆ ಒಂದು ಟನ್ ಒಣ ಹುಲ್ಲು ತಂದು ಮಣ್ಣಿಗೆ ಸೇರಿಸಿದಿರಿ ಅನ್ನಿ. ಅದರಲ್ಲಿ ಇಂಗಾಲ 400ರಿಂದ 450 ಕಿಲೋ. ಒಂದು ವರ್ಷ ಬಿಟ್ಟು ಹುಡುಕಿದರೆ ಅದರಲ್ಲಿ ಮೂರನೇ ಒಂದು ಪಾಲು ಸಿಕ್ಕೀತು. ಐದು ವರ್ಷದ ಮೇಲೆ ಐದನೇ ಒಂದು ಪಾಲು. ಉಳಿದದ್ದೆಲ್ಲ ಎಲ್ಲಿ ಹೋಯಿತು? ಸೂಕ್ಷ್ಮಜೀವಿಗಳು ತಿಂದು, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಬಿಟ್ಟವು.

ಇದು ಊಹೆಯ ಲೆಕ್ಕ ಅಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ಜೆಂಕಿನ್ಸನ್ 1960ರ ದಶಕದಲ್ಲಿ ವಿಕಿರಣಶೀಲ ಇಂಗಾಲದ ಗುರುತು ಹಾಕಿದ ರೈ ಹುಲ್ಲನ್ನು ಮಣ್ಣಿಗೆ ಸೇರಿಸಿ, ವರ್ಷವರ್ಷವೂ ಅಳೆದು ಕಂಡುಕೊಂಡದ್ದು. ಆಮೇಲೆ ಅದೇ ಪ್ರಯೋಗವನ್ನು ನೈಜೀರಿಯಾದ ಇಬಾದಾನ್‌ನಲ್ಲಿ ಮಾಡಿದರು. ಇಳಿಕೆಯ ಗೆರೆಯ ಆಕಾರ ಎರಡು ಕಡೆಯೂ ಒಂದೇ: ಮೊದಲು ಸರ್ರನೆ ಇಳಿದು, ಆಮೇಲೆ ನಿಧಾನ. ಆದರೆ ಇಬಾದಾನ್‌ನಲ್ಲಿ ಎಲ್ಲವೂ ಸುಮಾರು ನಾಲ್ಕು ಪಟ್ಟು ಬೇಗ ಮುಗಿಯಿತು. ಬಿಸಿ ಮತ್ತು ತೇವ ಸೇರಿದರೆ ಸೂಕ್ಷ್ಮಜೀವಿಗಳಿಗೆ ಹಬ್ಬ.

ಹಾಗಾಗಿ "ಮಣ್ಣಿನ ಇಂಗಾಲ ಹೆಚ್ಚಿಸಲು ಯಾವುದು ಒಳ್ಳೆಯದು" ಅಂತ ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ನಾನು ಪ್ರತಿ ಆಯ್ಕೆಗೂ ಮೂರು ಪ್ರಶ್ನೆ ಹಾಕಿ ನೋಡುತ್ತೇನೆ. ಈ ಇಂಗಾಲ ಎಲ್ಲಿಂದ ಬಂತು? ಅಂದರೆ, ಗಾಳಿಯಿಂದ ಹೊಸದಾಗಿ ಹಿಡಿದದ್ದಾ, ಇನ್ನೊಂದು ಹೊಲದಿಂದ ಇಲ್ಲಿಗೆ ಸಾಗಿಸಿದ್ದಾ? ಮಣ್ಣಲ್ಲಿ ಅದು ಎಲ್ಲಿ ಹೋಗಿ ಕೂರುತ್ತದೆ? ಮೂರನೆಯದು, ನಾಳೆಯಿಂದ ನಾನು ಈ ಕೆಲಸ ನಿಲ್ಲಿಸಿದರೆ ಏನಾಗುತ್ತದೆ? ಮೂರನೆಯದನ್ನು ಯಾರೂ ಕೇಳುವುದಿಲ್ಲ, ಮಾರುವವರಂತೂ ಹೇಳುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಆಯ್ಕೆಯನ್ನು ಹೆಚ್ಚಾಗಿ ತೀರ್ಮಾನ ಮಾಡಬೇಕಾದದ್ದು ಅದೇ.

ಮೊದಲು, ಇಂಗಾಲ ಕೂರುವ ಜಾಗಗಳು

ಹಳೆಯ ಪಾಠ ಹೀಗಿತ್ತು: ಗಿಡದ ಕಸ ಕೊಳೆತು ಕೊಳೆತು ಕೊನೆಗೆ ಹ್ಯೂಮಸ್ ಅನ್ನುವ ಕಪ್ಪು, ಗಟ್ಟಿ, ಯಾರಿಗೂ ಜೀರ್ಣ ಆಗದ ವಸ್ತು ಆಗುತ್ತದೆ, ಅದಕ್ಕೇ ಅದು ಉಳಿಯುತ್ತದೆ. ಕಳೆದ ಹದಿನೈದು ವರ್ಷಗಳಲ್ಲಿ ಈ ಪಾಠ ಬಹಳ ಮಟ್ಟಿಗೆ ಬದಲಾಗಿದೆ. ಮಣ್ಣಲ್ಲಿ ನೂರಾರು ವರ್ಷ ಉಳಿದಿರುವ ಇಂಗಾಲವನ್ನು ಬಿಡಿಸಿ ನೋಡಿದರೆ ಅದರಲ್ಲಿ ಪ್ರೋಟೀನ್, ಸಕ್ಕರೆಯಂಥ ಸುಲಭವಾಗಿ ಕರಗುವ ವಸ್ತುಗಳೇ ಧಾರಾಳವಾಗಿವೆ. ಗಟ್ಟಿ ಅಂದುಕೊಂಡಿದ್ದ ಲಿಗ್ನಿನ್, ಅಂದರೆ ಕಟ್ಟಿಗೆಗೆ ಬಿಗಿ ಕೊಡುವ ವಸ್ತು, ಅಷ್ಟೇನೂ ಉಳಿದಿರುವುದಿಲ್ಲ. ಸಕ್ಕರೆ ಡಬ್ಬಿಗೆ ಮುಚ್ಚಳ ಬಿಗಿಯಾಗಿದ್ದರೆ ಇರುವೆಗೆ ಸಿಗುವುದಿಲ್ಲ, ಅಲ್ವಾ? ಸಕ್ಕರೆ ಎಷ್ಟು ಸಿಹಿ ಅನ್ನುವುದು ಆಗ ಲೆಕ್ಕಕ್ಕೇ ಬರುವುದಿಲ್ಲ. ಮಣ್ಣಲ್ಲೂ ಹಾಗೆಯೇ.

ಮುಚ್ಚಳ ಅಂದರೆ ಇಲ್ಲಿ ಜೇಡಿ ಮತ್ತು ಹೂಳಿನ ಸಣ್ಣ ಕಣಗಳು. ಸೂಕ್ಷ್ಮಜೀವಿಗಳು ತಿಂದು, ಬೆಳೆದು, ಸತ್ತ ಮೇಲೆ ಉಳಿಯುವ ಅವುಗಳ ದೇಹದ ಅಂಟು ಈ ಕಣಗಳ ಮೈಗೆ ಮೆತ್ತಿಕೊಳ್ಳುತ್ತದೆ. ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಇದಕ್ಕೆ ಬೆಸುಗೆ ಹಾಕುತ್ತವೆ. ಇದನ್ನು "ಅಂಟಿದ ಇಂಗಾಲ" ಅನ್ನೋಣ. ಇನ್ನೂ ಅರ್ಧ ಕೊಳೆತ ಬೇರು, ಕಡ್ಡಿ, ಎಲೆಯ ಚೂರುಗಳು "ಬಿಡಿ ಇಂಗಾಲ". ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 0.053 ಮಿಲಿಮೀಟರ್ ಜರಡಿ ಹಿಡಿದು ಇವೆರಡನ್ನೂ ಬೇರೆ ಮಾಡುತ್ತಾರೆ. ಬಿಡಿ ಇಂಗಾಲ ಕೆಲವು ವರ್ಷ, ಹೆಚ್ಚೆಂದರೆ ಕೆಲವು ದಶಕ. ಅಂಟಿದ್ದು ದಶಕಗಳಿಂದ ಶತಮಾನಗಳವರೆಗೆ.

ರೋಥಮ್‌ಸ್ಟೆಡ್‌ನವರು ಕಟ್ಟಿದ ಇಂಗಾಲದ ಮಾದರಿಯಲ್ಲಿ ಇದೇ ವಿಷಯ ಅಂಕಿಗಳಲ್ಲಿ ಸಿಗುತ್ತದೆ. ಸುಲಭವಾಗಿ ಕೊಳೆಯುವ ಗಿಡದ ಭಾಗ ಅರ್ಧ ಆಗಲು ಸುಮಾರು 25 ದಿನ. ನಾರಿನ ಭಾಗಕ್ಕೆ ಎರಡು ವರ್ಷ ಚಿಲ್ಲರೆ. ಹ್ಯೂಮಸ್ ಅಂತ ಅವರು ಇವತ್ತಿಗೂ ಕರೆಯುವ ಭಾಗಕ್ಕೆ ಸುಮಾರು 35 ವರ್ಷ. ಜೊತೆಗೆ ಒಂದಿಷ್ಟು ಪಾಲು ಕರಗುವುದೇ ಇಲ್ಲ ಅಂತ ಬದಿಗಿಡುತ್ತಾರೆ. ಇವು ಆ ತಂಪು ಊರಿನ ಅಂಕಿಗಳು. ಬಿಸಿ ಪ್ರದೇಶಕ್ಕೆ ಎಲ್ಲವನ್ನೂ ಕುಗ್ಗಿಸಿಕೊಳ್ಳಬೇಕು.

ಈ ಕರಗದ ಪಾಲು ಬರೀ ಕಾಗದದ ಮೇಲಿನ ಕಲ್ಪನೆ ಅಲ್ಲ. ಫ್ರಾನ್ಸಿನ ವರ್ಸೈಯಲ್ಲಿ 1928ರಿಂದ ಕೆಲವು ತುಂಡು ನೆಲವನ್ನು ಒಂದು ಹುಲ್ಲುಕಡ್ಡಿಯೂ ಬೆಳೆಯದಂತೆ ಬೋಳಾಗಿ ಇಟ್ಟಿದ್ದಾರೆ. ಹೊಸ ಇಂಗಾಲ ಬರುವ ದಾರಿಯೇ ಬಂದ್. ದಶಕಗಟ್ಟಲೆ ಇಂಗಾಲ ಇಳಿಯುತ್ತಾ ಹೋಯಿತು, ಆದರೆ ಸೊನ್ನೆ ಆಗಲಿಲ್ಲ. ತಳದಲ್ಲಿ ಒಂದು ಪಾಲು ಹಟ ಹಿಡಿದು ಕೂತಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅಂಟಿದ ಇಂಗಾಲದಲ್ಲಿ ಸಾರಜನಕ ಜಾಸ್ತಿ. ಸುಮಾರು 12 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ಅಂದರೆ ಒಂದು ಟನ್ ಇಂಗಾಲ ಅಂಟಿ ಕೂರಬೇಕಾದರೆ 80 ಕಿಲೋಗೂ ಮಿಕ್ಕಿ ಸಾರಜನಕ ಅದರ ಜೊತೆಗೇ ಕೂರಬೇಕು. ಬರೀ ಒಣ ಹುಲ್ಲು ಸುರಿದು ಮಣ್ಣು ಕಪ್ಪಾಗಲಿಲ್ಲ ಅಂತ ಬೇಸರ ಪಡುವವರು ಈ ಲೆಕ್ಕ ಮರೆತಿರುತ್ತಾರೆ.

ಹುಲ್ಲು, ಕೂಳೆ, ದಂಟು: ಹೊಲದಲ್ಲೇ ಬಿಡುವುದು

ಅಗ್ಗ, ಸುಲಭ. ಸುಟ್ಟರೆ ಬಹುಪಾಲು ಇಂಗಾಲ ಆ ಮಧ್ಯಾಹ್ನವೇ ಗಾಳಿಗೆ ಹೋಗುತ್ತದೆ, ಸಾರಜನಕವೂ ಜೊತೆಗೆ. ಹಾಗಾಗಿ ಸುಡುವುದಕ್ಕಿಂತ ಬಿಡುವುದು ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದರಿಂದ ಒಟ್ಟು ಇಂಗಾಲ ಏರುತ್ತದೆ ಅಂತ ದೊಡ್ಡ ನಿರೀಕ್ಷೆ ಬೇಡ. ಗೋಧಿ ಹುಲ್ಲನ್ನು ವರ್ಷಗಟ್ಟಲೆ ಮಣ್ಣಿಗೆ ಸೇರಿಸಿದ ಎಷ್ಟೋ ದೀರ್ಘಕಾಲದ ಪ್ರಯೋಗಗಳಲ್ಲಿ ಏರಿಕೆ ಸಿಕ್ಕಿದ್ದು ಅಳತೆಯಲ್ಲಿ ಹಿಡಿಯಲು ಕಷ್ಟ ಆಗುವಷ್ಟು ಮಾತ್ರ. ಸೇರುವುದು ಹೆಚ್ಚಾಗಿ ಬಿಡಿ ಇಂಗಾಲಕ್ಕೆ.

ಹಾಗಂತ ಅದು ದಂಡ ಅಲ್ಲ. ಬಿಡಿ ಇಂಗಾಲವೇ ಎರೆಹುಳುವಿನ ಊಟ, ಮಣ್ಣಿನ ಹರಳು ಕಟ್ಟುವ ಅಂಟಿಗೆ ಕಚ್ಚಾಮಾಲು. ಮೇಲೆ ಹೊದಿಕೆಯಾಗಿ ಬಿದ್ದಿದ್ದರೆ ಮಳೆ ಹನಿಯ ಹೊಡೆತವನ್ನೂ ತಡೆಯುತ್ತದೆ. ಗೋಧಿ ಹುಲ್ಲಿನಲ್ಲಿ ಇಂಗಾಲ ಸಾರಜನಕಕ್ಕಿಂತ 80 ಪಟ್ಟು ಜಾಸ್ತಿ ಇರುವುದರಿಂದ, ಮಣ್ಣಿಗೆ ಸೇರಿಸಿದ ಕೂಡಲೇ ಬಿತ್ತಿದರೆ ಪೈರು ಹಳದಿ ತಿರುಗಬಹುದು. ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಸ್ವಲ್ಪ ದಿನಕ್ಕೆ ಸಾಲ ತೆಗೆದುಕೊಂಡಿರುತ್ತವೆ. ಕಾಳಿನ ಬೆಳೆಯ ಸೊಪ್ಪು ಜೊತೆಗಿದ್ದರೆ ಈ ತಾಪತ್ರಯ ಕಡಿಮೆ.

ನಿಲ್ಲಿಸಿದರೆ? ಕೆಲವೇ ವರ್ಷದಲ್ಲಿ ಹಳೆಯ ಮಟ್ಟಕ್ಕೆ.

ಕೊಟ್ಟಿಗೆ ಗೊಬ್ಬರ ಮತ್ತು ಕಾಂಪೋಸ್ಟ್

ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಜಗತ್ತಿನಲ್ಲೇ ಬಹಳ ಹಳೆಯ ಸಾಕ್ಷಿ ಇರುವುದು ಇದಕ್ಕೆ. ಜೊತೆಗೆ ಹೆಚ್ಚು ತಪ್ಪು ಲೆಕ್ಕ ನಡೆಯುವುದೂ ಇದರಲ್ಲೇ.

ರೋಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದಲ್ಲಿ 1843ರಿಂದ ಗೋಧಿ ಪ್ರಯೋಗ ನಡೆಯುತ್ತಿದೆ. ಒಂದು ಪಟ್ಟಿಗೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ. ಪಕ್ಕದ ಪಟ್ಟಿಗೆ ಏನೂ ಇಲ್ಲ. ಈಗ ಗೊಬ್ಬರದ ಪಟ್ಟಿಯ ಮೇಲ್ಮಣ್ಣಲ್ಲಿ ಪಕ್ಕದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು ಇಂಗಾಲ ಇದೆ. ಕೇಳಲು ಚೆನ್ನಾಗಿದೆ. ಆದರೆ ಏರಿಕೆಯ ಗೆರೆ ನೋಡಿ: ಮೊದಲ ಕೆಲವು ದಶಕಗಳಲ್ಲಿ ಬೇಗ ಏರಿತು, ಆಮೇಲೆ ನಿಧಾನ, ಕೊನೆಕೊನೆಗೆ ಬಹುತೇಕ ಸಮ. ಈಗಲೂ ವರ್ಷಕ್ಕೆ 35 ಟನ್ ಹಾಕುತ್ತಲೇ ಇದ್ದಾರೆ. ಬರುವಷ್ಟೇ ಹೋಗುತ್ತಿದೆ. ತಳ ತೂತಾದ ಬಿಂದಿಗೆಗೆ ನಲ್ಲಿ ಬಿಟ್ಟ ಹಾಗೆ; ನೀರಿನ ಮಟ್ಟ ಒಂದು ಹಂತಕ್ಕೆ ನಿಲ್ಲುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ನನಗೆ ಇನ್ನೂ ಇಷ್ಟವಾದ ಪ್ರಯೋಗ ಅಲ್ಲೇ ಪಕ್ಕದ ಹೂಸ್‌ಫೀಲ್ಡ್ ಬಾರ್ಲಿ ಹೊಲದ್ದು. 1852ರಿಂದ 1871ರವರೆಗೆ, ಇಪ್ಪತ್ತು ವರ್ಷ, ಒಂದು ಪಟ್ಟಿಗೆ ಅದೇ 35 ಟನ್ ಗೊಬ್ಬರ ಹಾಕಿದರು. ಆಮೇಲೆ ನಿಲ್ಲಿಸಿಬಿಟ್ಟರು. ಒಂದು ಬುಟ್ಟಿಯೂ ಇಲ್ಲ. ನೂರು ವರ್ಷ ಕಳೆದ ಮೇಲೂ ಆ ಪಟ್ಟಿಯಲ್ಲಿ, ಗೊಬ್ಬರವನ್ನೇ ಕಾಣದ ಪಟ್ಟಿಗಿಂತ ಇಂಗಾಲ ಹೆಚ್ಚಿತ್ತು. ಏರಿದ್ದರಲ್ಲಿ ಬಹಳಷ್ಟು ಹೋಗಿತ್ತು, ನಿಜ. ಆದರೆ ಅಂಟಿ ಕೂತ ಪಾಲು ಮುತ್ತಜ್ಜನ ಕಾಲದ್ದು ಮರಿಮೊಮ್ಮಗನ ಕಾಲಕ್ಕೂ ಇತ್ತು. ನಿಲ್ಲಿಸುವ ಪರೀಕ್ಷೆಯಲ್ಲಿ ಗೊಬ್ಬರ ಒಂದು ಮಟ್ಟಕ್ಕೆ ಪಾಸ್.

ಇನ್ನು ತಪ್ಪು ಲೆಕ್ಕದ ವಿಷಯ. "ಒಂದು ಟನ್ ಕಾಂಪೋಸ್ಟ್ ಇಂಗಾಲ ಒಂದು ಟನ್ ಹುಲ್ಲಿನ ಇಂಗಾಲಕ್ಕಿಂತ ಜಾಸ್ತಿ ಉಳಿಯುತ್ತದೆ" ಅನ್ನುವುದು ನಿಜ. ಯಾಕೆ ಅಂದರೆ ಬೇಗ ಕೊಳೆಯುವ ಭಾಗ ಗುಂಡಿಯಲ್ಲೇ ಹೋಗಿರುತ್ತದೆ. ಕಾಂಪೋಸ್ಟ್ ಆಗುವಾಗ ಮೂಲ ಇಂಗಾಲದ ಅರ್ಧದಷ್ಟು ಹಾರಿಹೋಗುತ್ತದೆ. ದನ ತಿಂದ ಮೇವಿನಲ್ಲೂ ಅರ್ಧಕ್ಕಿಂತ ಹೆಚ್ಚು ಅದರ ಉಸಿರಲ್ಲೇ ಹೋಗಿರುತ್ತದೆ. ಡೆನ್ಮಾರ್ಕಿನಲ್ಲಿ ಒಂದೇ ಮೇವನ್ನು ಹಾಗೇ ಮಣ್ಣಿಗೆ ಹಾಕಿ, ದನದ ಹೊಟ್ಟೆ ದಾಟಿಸಿ ಹಾಕಿ, ಬಯೋಗ್ಯಾಸ್ ತೊಟ್ಟಿ ದಾಟಿಸಿ ಹಾಕಿ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಯಾವ ದಾರಿಯಲ್ಲಿ ಹೋದರೂ ಮೊದಲಿನ ಗಿಡದ ಇಂಗಾಲದಲ್ಲಿ ದೀರ್ಘಕಾಲಕ್ಕೆ ಮಣ್ಣಲ್ಲಿ ಉಳಿಯುವುದು ನೂರಕ್ಕೆ 12ರಿಂದ 14 ಪಾಲು. ದಾರಿ ಬೇರೆ, ತಲುಪಿದ ಊರು ಒಂದೇ. ಹಾಗಿದ್ದರೆ ಮೇವನ್ನು ದನಕ್ಕೆ ಹಾಕಿ, ಗ್ಯಾಸ್ ತೆಗೆದು, ಕೊನೆಗೆ ಉಳಿದದ್ದನ್ನು ಹೊಲಕ್ಕೆ ಹಾಕುವವನೇ ಜಾಣ, ಅಲ್ವಾ? ಇಂಗಾಲ ಅಷ್ಟೇ ಉಳಿಯಿತು, ನಡುವೆ ಹಾಲೂ ಬಂತು, ಒಲೆಯೂ ಉರಿಯಿತು.

ಎಲ್ಲಿಂದ ಬಂತು ಅನ್ನುವ ಪ್ರಶ್ನೆಯಲ್ಲಿ ಗೊಬ್ಬರ ಎಡವುತ್ತದೆ. ಬೇರೆಯವರ ಹೊಲದಲ್ಲಿ ಬೆಳೆದ ಮೇವಿನ ಇಂಗಾಲ ನಿಮ್ಮ ಹೊಲಕ್ಕೆ ಬಂತು ಅಂದರೆ ಅಲ್ಲಿ ಅಷ್ಟು ಕಡಿಮೆ ಆಯಿತು. ನಿಮ್ಮ ಮಣ್ಣಿಗೆ ಒಳ್ಳೆಯದೇ. ಭೂಮಿಯ ಲೆಕ್ಕದಲ್ಲಿ ಹೊಸದಾಗಿ ಉಳಿತಾಯ ಆಗಿದ್ದು ಕಡಿಮೆ. ಅತಿಯಾಗಿ ಸುರಿದರೆ ರಂಜಕ ಮಣ್ಣಲ್ಲಿ ಗುಡ್ಡೆ ಬೀಳುತ್ತದೆ, ನೈಟ್ರೇಟ್ ಬಾವಿಗೆ ಇಳಿಯುತ್ತದೆ. 2015ರಲ್ಲಿ ಪ್ಯಾರಿಸ್ ಹವಾಮಾನ ಸಭೆಯಲ್ಲಿ ಫ್ರಾನ್ಸ್ "ಸಾವಿರಕ್ಕೆ ನಾಲ್ಕು" ಅನ್ನುವ ಯೋಜನೆ ಮುಂದಿಟ್ಟಿತು. ಮಣ್ಣಿನ ಇಂಗಾಲ ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಏರಲಿ ಅಂತ. ರೋಥಮ್‌ಸ್ಟೆಡ್‌ನವರು ತಮ್ಮ ಹಳೆಯ ಪ್ರಯೋಗಗಳನ್ನೆಲ್ಲ ಈ ಗುರಿಗೆ ಹಿಡಿದು 2018ರಲ್ಲಿ ಲೆಕ್ಕ ಹಾಕಿದರು. ಗುರಿ ಮುಟ್ಟಿದ ಪಟ್ಟಿಗಳು ಸಾಕಷ್ಟಿದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಸಾಮಾನ್ಯ ರೈತ ಹಾಕಲಾಗದಷ್ಟು ಗೊಬ್ಬರ ಕಂಡವು, ಇಲ್ಲವೇ ಬೇಸಾಯವನ್ನೇ ಬಿಟ್ಟು ಹುಲ್ಲು, ಕಾಡಿಗೆ ಬಿಟ್ಟವು.

ಬೇರು: ಹೊದಿಕೆ ಬೆಳೆ, ಹಸಿರೆಲೆ ಗೊಬ್ಬರ, ಆಳದ ಬೇರಿನ ಬೆಳೆ

ನನ್ನನ್ನು ಒಂದೇ ಆಯ್ಕೆ ಮಾಡು ಅಂದರೆ ಇದು.

ಸ್ವೀಡನ್ನಿನ ಉಲ್ಟುನಾದಲ್ಲಿ 1956ರಿಂದ ನಡೆಯುತ್ತಿರುವ ಪ್ರಯೋಗದ ಲೆಕ್ಕ ಇದು: ಒಂದು ಕಿಲೋ ಬೇರಿನ ಇಂಗಾಲ ಮಣ್ಣಲ್ಲಿ ಉಳಿಸಿದ ಪಾಲು, ಒಂದು ಕಿಲೋ ಹುಲ್ಲು ಸೊಪ್ಪಿನ ಇಂಗಾಲ ಉಳಿಸಿದ ಪಾಲಿನ ಸುಮಾರು 2.3 ಪಟ್ಟು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೇರು ಹುಟ್ಟುವುದೇ ಮಣ್ಣಿನ ಕಣಗಳ ನಡುವೆ. ಬದುಕಿರುವಾಗಲೇ ಸಕ್ಕರೆ, ಆಮ್ಲಗಳನ್ನು ಒಸರುತ್ತಿರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಯೂ ಅಲ್ಲೇ, ಅದು ಸತ್ತರೆ ಅಂಟಿಕೊಳ್ಳಲು ಜೇಡಿ ಕಣವೂ ಅಲ್ಲೇ. ಸೊಪ್ಪಾದರೆ ಮೇಲಿಂದ ಬಿದ್ದು, ಎರೆಹುಳುವೋ ನೇಗಿಲೋ ಒಳಗೆ ಒಯ್ಯುವವರೆಗೆ ಕಾಯಬೇಕು. ಅಷ್ಟರಲ್ಲಿ ಅರ್ಧ ಮಾಯ.

ಎರಡು ಬೆಳೆಯ ನಡುವೆ ನೆಲ ಖಾಲಿ ಬಿಡುವ ಬದಲು ಹೊದಿಕೆ ಬೆಳೆ ಹಾಕಿದರೆ ಎಷ್ಟು ಸಿಗುತ್ತದೆ? ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆಯಲ್ಲಿ ಸರಾಸರಿ ವರ್ಷಕ್ಕೆ ಹೆಕ್ಟೇರಿಗೆ 0.32 ಟನ್ ಇಂಗಾಲ ಅಂತ ಬಂತು. ಇದು ಗಾಳಿಯಿಂದ ಹೊಸದಾಗಿ ಹಿಡಿದದ್ದು; ಖಾಲಿ ಇದ್ದ ದಿನಗಳ ಬಿಸಿಲು ಕೆಲಸಕ್ಕೆ ಬಂತು. ಸಾಗಾಣಿಕೆ ಇಲ್ಲ, ಇನ್ನೊಬ್ಬರ ಹೊಲ ಬಡವಾಗಲಿಲ್ಲ. ದ್ವಿದಳ ಜಾತಿಯದಾದರೆ ಸಾರಜನಕವನ್ನೂ ತಾನೇ ತರುತ್ತದೆ, ಮೇಲೆ ಹೇಳಿದ 80 ಕಿಲೋ ಸಾಲಕ್ಕೆ ಜಮೆ. ಹುಲ್ಲು ಜಾತಿ ಮತ್ತು ದ್ವಿದಳ ಬೆರೆಸಿ ಬಿತ್ತಿದರೆ ಬೇರೂ ಜಾಸ್ತಿ, ಸಾರಜನಕವೂ ಸಿಗುತ್ತದೆ.

ತೊಂದರೆ ಇಲ್ಲದಿಲ್ಲ. ನೀರು ಕಡಿಮೆ ಇರುವ ಕಡೆ ಹೊದಿಕೆ ಬೆಳೆ ಮುಂದಿನ ಬೆಳೆಯ ತೇವವನ್ನೇ ಕುಡಿದುಬಿಡಬಹುದು. ಎಳೆಯ ಸೊಪ್ಪನ್ನು ಮಣ್ಣಿಗೆ ಸೇರಿಸಿದಾಗ ಸೂಕ್ಷ್ಮಜೀವಿಗಳು ಹುರುಪಿನಲ್ಲಿ ಹಳೆಯ ಇಂಗಾಲಕ್ಕೂ ಬಾಯಿ ಹಾಕುತ್ತವೆ. ಇದನ್ನು 1926ರಲ್ಲೇ ಹಸಿರೆಲೆ ಗೊಬ್ಬರದ ಮೇಲೆ ಕೆಲಸ ಮಾಡುತ್ತಿದ್ದ ಲೋನಿಸ್ ಗಮನಿಸಿದ್ದರು. 2007ರಲ್ಲಿ ಫ್ರಾನ್ಸಿನ ಸಂಶೋಧಕರು ಆಳದ ಮಣ್ಣಿಗೆ ಬರೀ ಸೆಲ್ಯುಲೋಸ್ (ಗಿಡದ ನಾರು) ಹಾಕಿ, ಸಾವಿರಾರು ವರ್ಷ ಹಳೆಯ ಇಂಗಾಲವೂ ಕರಗುವುದನ್ನು ತೋರಿಸಿದರು. ಅಲ್ಲಿ ಅಷ್ಟು ಕಾಲ ಅದು ಉಳಿದದ್ದು, ತಿನ್ನುವವರಿಗೆ ಬೇಕಾದ ಶಕ್ತಿ ಸಿಗದೆ ಇದ್ದುದರಿಂದ. ಆದರೂ ಸಾಮಾನ್ಯ ಹೊಲದಲ್ಲಿ ಒಟ್ಟು ಲೆಕ್ಕ ಬೇರಿನ ಕಡೆಗೇ ವಾಲುತ್ತದೆ, ಸಾರಜನಕದ ಕೊರತೆ ಇಲ್ಲದಿದ್ದರೆ.

ನಿಲ್ಲಿಸಿದರೆ? ಬಿಡಿ ಪಾಲು ಹೋಗುತ್ತದೆ, ಅಂಟಿದ್ದು ನಿಧಾನಕ್ಕೆ ಇಳಿಯುತ್ತದೆ. ಎಷ್ಟು ವರ್ಷ ಬೇರು ಇತ್ತೋ ಅದರ ಮೇಲೆ ಹೋಗುತ್ತದೆ ಎಲ್ಲವೂ.

ರಸಗೊಬ್ಬರದ ಬಗ್ಗೆಯೂ ಕೇಳುತ್ತಾರೆ, ಹಾಗಾಗಿ ಒಂದು ಮಾತು. ಬ್ರಾಡ್‌ಬಾಕ್‌ನಲ್ಲಿ ಬರೀ ರಸಗೊಬ್ಬರ ಕಂಡ ಪಟ್ಟಿಗಳಲ್ಲಿ, ಏನೂ ಹಾಕದ ಪಟ್ಟಿಗಿಂತ ಇಂಗಾಲ ಸ್ವಲ್ಪ ಜಾಸ್ತಿಯೇ ಇದೆ. ಬೆಳೆ ಚೆನ್ನಾಗಿ ಬಂತು, ಬೇರು ಕೂಳೆ ಜಾಸ್ತಿ ಆಯಿತು, ಅಷ್ಟೇ.

ಬಯೋಚಾರ್

ಗಿಡದ ಕಸವನ್ನು ಗಾಳಿ ಸಿಗದಂತೆ ಬೇಯಿಸಿದ ಇದ್ದಿಲು. ಸುಡುವಾಗ ಮೂಲ ಇಂಗಾಲದ ಅರ್ಧದಷ್ಟು ಹೋಗುತ್ತದೆ, ಉಳಿದರ್ಧ ಒಂದಕ್ಕೊಂದು ಬೆಸೆದ ಉಂಗುರಗಳಾಗಿ ಬಿಗಿಯಾಗುತ್ತದೆ. ಇಲ್ಲಿ ಮಾತ್ರ ಹಳೆಯ ಪಾಠ ಸರಿ: ವಸ್ತುವೇ ಗಟ್ಟಿ. ಹಲವು ಪ್ರಯೋಗಗಳನ್ನು ಸೇರಿಸಿ 2016ರಲ್ಲಿ ಮಾಡಿದ ಅಂದಾಜಿನಲ್ಲಿ ಬಯೋಚಾರ್‌ನ ನೂರಕ್ಕೆ 3 ಪಾಲು ತಿಂಗಳುಗಳಲ್ಲಿ ಹೋಗುತ್ತದೆ, 97 ಪಾಲು ಸರಾಸರಿ 556 ವರ್ಷ ಇರುತ್ತದೆ ಅಂತ ಬಂತು. ಈ 556ನ್ನು ಎದೆಗೆ ಹಚ್ಚಿಕೊಳ್ಳಬೇಡಿ. ಅಷ್ಟು ವರ್ಷ ಯಾರೂ ಕಾದು ನೋಡಿಲ್ಲ, ಕೆಲವೇ ವರ್ಷಗಳ ಅಳತೆಯಿಂದ ಮುಂದಕ್ಕೆ ಎಳೆದ ಗೆರೆ ಅದು. ಆದರೆ ಅಮೆಜಾನ್ ಕಾಡಿನಲ್ಲಿ ಹಳೆಯ ಜನ ಬಿಟ್ಟುಹೋದ ಕಪ್ಪು ಮಣ್ಣಿನ ತುಂಡುಗಳಲ್ಲಿ ನೂರಾರು ವರ್ಷಗಳಿಂದ, ಕೆಲವು ಕಡೆ ಸಾವಿರಕ್ಕೂ ಮೀರಿ, ಇದ್ದಿಲು ಹಾಗೇ ಉಳಿದಿದೆ. ಅಲ್ಲಿನ ಮಳೆ, ಬಿಸಿಗೆ ಬೇರೇನೂ ನಿಲ್ಲುವುದಿಲ್ಲ.

ನಿಲ್ಲಿಸುವ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಒಮ್ಮೆ ಹಾಕಿ ಮರೆತರೂ ಇರುತ್ತದೆ. ಆದರೆ ಅದೇ ಕಾರಣಕ್ಕೆ ಇದು ಸೂಕ್ಷ್ಮಜೀವಿಗೆ ಊಟ ಅಲ್ಲ. ಎರೆಹುಳು ಕೊಬ್ಬುವುದಿಲ್ಲ, ಪೈರಿಗೆ ಸಾರಜನಕ ಸಿಗುವುದಿಲ್ಲ. ಉಳಿಯುವ ಇಂಗಾಲ ಮತ್ತು ಕೆಲಸ ಮಾಡುವ ಇಂಗಾಲ ಬೇರೆ ಬೇರೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಹುಳಿ ಮಣ್ಣು, ಮರಳು ಮಣ್ಣು, ತೀರಾ ಬಡ ಮಣ್ಣಿಗೆ ಇಳುವರಿಯಲ್ಲೂ ಲಾಭ ಸಿಗುತ್ತದೆ. ಆಗಲೇ ಕ್ಷಾರವಿರುವ ಮಣ್ಣಿಗೆ ಇದರ ಬೂದಿ ಇನ್ನಷ್ಟು ಕಾಟ ಕೊಡಬಹುದು. ಹಸಿ ಇದ್ದಿಲನ್ನು ನೇರ ಹಾಕಿದರೆ ಮೊದಲ ಬೆಳೆಯ ಪೋಷಕಾಂಶವನ್ನು ತಾನೇ ಹೀರಿ ಕೂರಬಹುದು. ಕಾಂಪೋಸ್ಟ್ ಜೊತೆ ಕೆಲವು ವಾರ ಬೆರೆಸಿಟ್ಟು ಹಾಕುವುದು ಮೇಲು.

ಕೊಳ್ಳುವಾಗ ಕೇಳಬೇಕಾದ ಅಂಕಿ ಒಂದೇ: ಜಲಜನಕಕ್ಕೂ ಇಂಗಾಲಕ್ಕೂ ಇರುವ ಪರಮಾಣು ಅನುಪಾತ. 0.7ಕ್ಕಿಂತ ಕಡಿಮೆ ಇರಬೇಕು, 0.4ರ ಕೆಳಗಿದ್ದರೆ ಇನ್ನೂ ಗಟ್ಟಿ. ಈ ಅಂಕಿ ಕೊಡಲಾಗದವರು ಮಾರುತ್ತಿರುವುದು ಸುಮ್ನೆ ಅರೆಬೆಂದ ಕಟ್ಟಿಗೆ ಇರಬಹುದು. ಮನೆಯಲ್ಲೇ ಗುಂಡಿ ತೋಡಿ ಹೊಗೆಯಾಡಿಸಿ ಮಾಡಿದರೆ ಮೀಥೇನ್ ಹೊರಟು, ಉಳಿಸಿದ್ದರಲ್ಲಿ ಒಂದು ಭಾಗ ಅಲ್ಲೇ ಕಳೆದುಹೋಗುತ್ತದೆ.

ಉಳುಮೆ ಬಿಡುವುದು

ಇದರ ಹೆಸರು ದೊಡ್ಡದು. ಉಳದೆ ಬಿತ್ತಿದ ಹೊಲದ ಮೇಲಿನ 10 ಸೆಂಟಿಮೀಟರ್ ಅಳೆದರೆ ಇಂಗಾಲ ಚೆನ್ನಾಗಿ ಏರಿರುತ್ತದೆ. ಅದರ ಕೆಳಗೆ ಅಳೆದರೆ ಉತ್ತ ಹೊಲದಲ್ಲೇ ಜಾಸ್ತಿ ಇರುತ್ತದೆ. ನೇಗಿಲು ಕೂಳೆಯನ್ನು ಕೆಳಗೆ ಹೂಳುತ್ತಿತ್ತು, ಈಗ ಅದು ಮೇಲೇ ಉಳಿಯಿತು. ಒಟ್ಟು ಕೂಡಿಸಿದರೆ ವ್ಯತ್ಯಾಸ ಸಣ್ಣದು, ಎಷ್ಟೋ ಕಡೆ ಇಲ್ಲವೇ ಇಲ್ಲ. ದೊಡ್ಡ ಏರಿಕೆ ತೋರಿಸಿದ ಪ್ರಯೋಗಗಳಲ್ಲಿ ಬಹುಪಾಲು 30 ಸೆಂಟಿಮೀಟರಿಗಿಂತ ಕೆಳಗೆ ನೋಡಿಯೇ ಇರಲಿಲ್ಲ ಅನ್ನುವುದನ್ನು 2007ರ ಒಂದು ವಿಮರ್ಶೆ ಎತ್ತಿ ಹಿಡಿಯಿತು. ಒಂದು ಜೇಬಿನ ದುಡ್ಡು ಇನ್ನೊಂದು ಜೇಬಿಗೆ ಹೋದ ಹಾಗೆ.

ಹಾಗಾದರೆ ಬೇಡವೇ? ಬೇಕು, ಕಾರಣ ಬೇರೆ. ಮೇಲ್ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆ, ನೀರು ಇಂಗುತ್ತದೆ, ಡೀಸೆಲ್ ಉಳಿಯುತ್ತದೆ. ಇಳಿಜಾರಿನ ಹೊಲದಲ್ಲಿ ಇಂಗಾಲ ಹೆಚ್ಚಿರುವ ಮೇಲ್ಮಣ್ಣು ಉಳಿದರೆ ಅದೇ ದೊಡ್ಡ ಲಾಭ. ಉಳುಮೆ ಬಿಟ್ಟು, ಜೊತೆಗೆ ಹೊದಿಕೆ ಬೆಳೆಯನ್ನೂ ಹಾಕಿದರೆ ಇಂಗಾಲವೂ ಬರುತ್ತದೆ. ಆದರೆ ತಂದದ್ದು ಬೇರು. ನೀರು ನಿಲ್ಲುವ ಜೇಡಿ ಮಣ್ಣಲ್ಲಿ ಉಳದೆ ಬಿಟ್ಟರೆ ನೈಟ್ರಸ್ ಆಕ್ಸೈಡ್ ಹೆಚ್ಚಬಹುದು, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಕೆಟ್ಟದ್ದು.

ಹುಲ್ಲುಗಾವಲು, ಮರ

ಅತಿ ಹೆಚ್ಚು ಇಂಗಾಲ ಕೂರಿಸುವ ದಾರಿ. ಅತಿ ಹೆಚ್ಚು ಕಳೆದುಕೊಳ್ಳುವ ಅಪಾಯವೂ ಇಲ್ಲೇ. ರೋಥಮ್‌ಸ್ಟೆಡ್‌ನ ಮಣ್ಣಲ್ಲಿ, ಬಹಳ ಕಾಲ ಉತ್ತ ಹೊಲವನ್ನು ಹುಲ್ಲಿಗೆ ಬಿಟ್ಟರೆ ಹಳೆಯ ಹುಲ್ಲುಗಾವಲಿನ ಮಟ್ಟಕ್ಕೆ ಅರ್ಧ ದಾರಿ ಹೋಗಲು ಸುಮಾರು 25 ವರ್ಷ ಬೇಕು, ಪೂರ್ತಿ ತಲುಪಲು ನೂರರ ಹತ್ತಿರ. ಹಳೆಯ ಹುಲ್ಲುಗಾವಲನ್ನು ಉತ್ತರೆ ಇಳಿಯುವುದು ಇದಕ್ಕಿಂತ ಬಹಳ ಬೇಗ. ಒಳಗೆ ಬರುವಾಗ ಆಮೆ, ಹೊರಗೆ ಹೋಗುವಾಗ ಮೊಲ. ಹಾಗಾಗಿ ಆಗಲೇ ಹುಲ್ಲು, ಮರ ಇರುವ ಅಂಚು, ಬದು, ತಗ್ಗುಗಳನ್ನು ಉಳದೆ ಬಿಡುವುದು, ಹೊಸದಾಗಿ ಏನಾದರೂ ಮಾಡುವುದಕ್ಕಿಂತ ಮೊದಲು. ನೀರು ಬಸಿದ ಪೀಟ್ ಮಣ್ಣಿಗಂತೂ (ಜೌಗಿನಲ್ಲಿ ಅರೆಕೊಳೆತ ಗಿಡಗಳಿಂದಲೇ ಆದ ಮಣ್ಣು) ಬೇರೆ ಆಯ್ಕೆಯೇ ಇಲ್ಲ: ನೀರಿನ ಮಟ್ಟ ಏರಿಸಬೇಕು, ಇಲ್ಲದಿದ್ದರೆ ಅಲ್ಲಿ ಯಾವ ಗೊಬ್ಬರವೂ ನಷ್ಟ ತುಂಬಲಾರದು.

ನಿಮ್ಮ ಹೊಲಕ್ಕೆ ಯಾವುದು

ಮರಳು ಮಣ್ಣಾದರೆ ಅಂಟಿಕೊಳ್ಳಲು ಕಣವೇ ಕಡಿಮೆ. ಎಷ್ಟು ಹಾಕಿದರೂ ಬಿಡಿ ಇಂಗಾಲವಾಗಿಯೇ ಇದ್ದು ಹೋಗುತ್ತದೆ. ಇಲ್ಲಿ ಬಯೋಚಾರ್ ಹಾಕುವುದರಲ್ಲಿ ಅರ್ಥ ಇದೆ. ಜೊತೆಗೆ ವರ್ಷವರ್ಷವೂ ಸ್ವಲ್ಪ ಕಾಂಪೋಸ್ಟ್. ಜೇಡಿ ಹೆಚ್ಚಿರುವ, ಬಹಳ ವರ್ಷ ಉತ್ತು ಬಡವಾದ ಹೊಲ ನಿಮ್ಮದಾದರೆ ನಿಮಗೆ ಅದೃಷ್ಟ: ಕಣಗಳ ಮೈ ಖಾಲಿ ಇದೆ, ಬೇರು ಮತ್ತು ಗೊಬ್ಬರ ಎರಡೂ ಬೇಗ ಫಲ ಕೊಡುತ್ತವೆ. ಆಗಲೇ ಕಪ್ಪಾಗಿ, ಇಂಗಾಲ ತುಂಬಿರುವ ಮಣ್ಣಲ್ಲಿ ಇನ್ನೂ ಏರಿಸುವ ಹಟ ಬೇಡ, ಇರುವುದನ್ನು ಕಾಯ್ದುಕೊಳ್ಳಿ.

ಹೊಲ ಗುತ್ತಿಗೆಯದ್ದು, ಮೂರು ವರ್ಷಕ್ಕೆ ಬಿಡಬೇಕು ಅಂದರೆ ಶತಮಾನದ ಇಂಗಾಲದ ಯೋಚನೆ ಮಾಡಬೇಡಿ. ಕೂಳೆಯನ್ನು ಹೊಲದಲ್ಲೇ ಬಿಡಿ, ಹೊದಿಕೆ ಬೆಳೆ ಹಾಕಿ, ಬಿಡಿ ಇಂಗಾಲದ ಲಾಭವನ್ನು ಬೆಳೆಯಲ್ಲೇ ತೆಗೆದುಕೊಳ್ಳಿ. ಕಾರ್ಬನ್ ಕ್ರೆಡಿಟ್, ಅಂದರೆ ಮಣ್ಣಲ್ಲಿ ಉಳಿಸಿದ ಇಂಗಾಲಕ್ಕೆ ಹಣ ಕೊಡುವ ಒಪ್ಪಂದಕ್ಕೆ ಯಾರಾದರೂ ಸಹಿ ಕೇಳಿದರೆ ಮೂರನೇ ಪ್ರಶ್ನೆಯನ್ನು ಕಾಗದದಲ್ಲಿ ಹುಡುಕಿ: ನಿಲ್ಲಿಸಿದರೆ, ಅಥವಾ ಬರ ಬಂದು ಇಂಗಾಲ ಇಳಿದರೆ, ಹಣ ವಾಪಸ್ ಕೊಡಬೇಕಾ? ಅಲ್ಲಿ ಇಂಗಾಲವನ್ನು ಡೈಆಕ್ಸೈಡ್ ಲೆಕ್ಕದಲ್ಲಿ ಬರೆದಿರುತ್ತಾರೆ, ಅಂಕಿ 3.67 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೂ ನೆನಪಿರಲಿ.

ಅಳತೆಯಲ್ಲಿ ಮೋಸ ಹೋಗದಿರಲು

ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆಯ 30 ಸೆಂಟಿಮೀಟರ್ ಮಣ್ಣು ಸುಮಾರು 3,900 ಟನ್ ತೂಗುತ್ತದೆ, ಸಾಂದ್ರತೆ 1.3 ಅಂತ ಹಿಡಿದರೆ. ಅದರಲ್ಲಿ ಇಂಗಾಲ ಶೇಕಡಾ 0.1 ಏರಿತು ಅಂದರೆ 3.9 ಟನ್. ಹೊದಿಕೆ ಬೆಳೆಯ ಸರಾಸರಿ 0.32 ಟನ್ ನೆನಪಿದೆಯಲ್ಲ? ಆ ವೇಗದಲ್ಲಿ 0.1 ಏರಲು 12 ವರ್ಷ ಬೇಕು. ಒಂದೇ ಹೊಲದ ಎರಡು ಮೂಲೆಗಳ ನಡುವೆಯೇ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಎರಡು ವರ್ಷದಲ್ಲಿ ಶೇಕಡಾ ಅರ್ಧ ಏರಿಸಿಕೊಡುತ್ತೇವೆ ಅನ್ನುವ ಡಬ್ಬಿಯನ್ನು ಅಲ್ಲೇ ಕೆಳಗಿಡಿ.

ಉಳುಮೆ ಬಿಟ್ಟ ಹೊಲದ ಮಣ್ಣು ಬಿಗಿಯಾಗಿರುತ್ತದೆ, ಅದೇ ಆಳಕ್ಕೆ ಹೆಚ್ಚು ಮಣ್ಣು ಬಂದು ಇಂಗಾಲ ಏರಿದಂತೆ ಕಾಣುತ್ತದೆ. ಆದ್ದರಿಂದ ಸಾಂದ್ರತೆಯನ್ನೂ ಅಳೆಸಿ. ಪ್ರಯೋಗಾಲಯದ ವಿಧಾನ ಯಾವುದು ಅಂತ ಕೇಳಿ. 1934ರಿಂದ ಬಳಕೆಯಲ್ಲಿರುವ ವಾಕ್ಲಿ ಬ್ಲಾಕ್ ವಿಧಾನ ಎಲ್ಲ ಇಂಗಾಲವನ್ನೂ ಹಿಡಿಯುವುದಿಲ್ಲ, ಸರಾಸರಿ ನೂರಕ್ಕೆ 77 ಹಿಡಿದು ಉಳಿದದ್ದಕ್ಕೆ ಗುಣಿಸುತ್ತಾರೆ. ಬಯೋಚಾರ್ ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಒಣಗಿಸಿ ಉರಿಸಿ ಅಳೆಯುವ ಯಂತ್ರ ಎಲ್ಲವನ್ನೂ ಹಿಡಿಯುತ್ತದೆ, ಸುಣ್ಣದ ಕಲ್ಲಿನ ಇಂಗಾಲವನ್ನೂ ಸೇರಿಸಿ. ಸುಣ್ಣದ ಮಣ್ಣಲ್ಲಿ ಅದನ್ನು ಕಳೆಯಬೇಕು. ಮೊದಲ ಸಲ ಒಂದು ವಿಧಾನ, ಎರಡನೇ ಸಲ ಇನ್ನೊಂದು ಆದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲೇಬೇಡಿ. ವರದಿಯಲ್ಲಿ ಸಾವಯವ ವಸ್ತು ಅಂತ ಇದ್ದರೆ ಅದನ್ನು 1.724ರಿಂದ ಭಾಗಿಸಿದರೆ ಅಂದಾಜು ಇಂಗಾಲ ಸಿಗುತ್ತದೆ.

ರೋಥಮ್‌ಸ್ಟೆಡ್‌ನವರು 1843ರಿಂದ ಒಣಗಿಸಿದ ಮಣ್ಣು, ಹುಲ್ಲು, ಕಾಳುಗಳನ್ನು ಸೀಸೆ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾರೆ, ಈಗ 3 ಲಕ್ಷಕ್ಕೂ ಮಿಕ್ಕಿ ಇವೆ. ಹೊಸ ಯಂತ್ರ ಬಂದಾಗಲೆಲ್ಲ ಹಳೆಯ ಮಣ್ಣನ್ನೇ ತೆಗೆದು ಮತ್ತೆ ಅಳೆಯುತ್ತಾರೆ. ನೀವೂ ಇದನ್ನು ಮಾಡಬಹುದು, ಖರ್ಚಿಲ್ಲ. ಈ ವರ್ಷ ಹೊಸದೇನಾದರೂ ಶುರು ಮಾಡುವ ಮೊದಲು ಹೊಲದ ಹತ್ತು ಹದಿನೈದು ಕಡೆಯಿಂದ 30 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ. ಉಳಿದರ್ಧವನ್ನು ಗಾಜಿನ ಸೀಸೆಗೆ ತುಂಬಿ ಮುಚ್ಚಳ ಬಿಗಿ ಮಾಡಿ. ತಾರೀಕು, ಆಳ, ತೆಗೆದ ಜಾಗ ಬರೆದ ಚೀಟಿಯನ್ನು ಹೊರಗೊಂದು ಅಂಟಿಸಿ, ಒಳಗೊಂದು ಹಾಕಿ. ಹೊರಗಿನದು ಹತ್ತು ವರ್ಷದಲ್ಲಿ ಉದುರಿಹೋಗಿರುತ್ತದೆ.